ಒಂದು ಪ್ಲೇಟಿನಲ್ಲಿ ಆರು ಮನೆ

ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಗಾಜಿನ ಮೇಲೆ ಬರೆಯುವ ಕೆಂಪು ಪೆನ್ಸಿಲ್ ತೆಗೆದುಕೊಂಡು ಪ್ರಯೋಗಾಲಯದ ಒಂದು ಪ್ಲೇಟಿನ ಬೆನ್ನ ಮೇಲೆ ಮೂರು ಗೆರೆ ಎಳೆದೆ. ಮೂರೂ ಗೆರೆ ನಡುವೆ ಕೂಡಿದರೆ ಆರು ಭಾಗ. ವೇಳೆ ಇಷ್ಟು ಕರಾರುವಾಕ್ಕಾಗಿ ನೆನಪಿರಲು ಕಾರಣ, ಕೆಲಸ ಶುರು ಮಾಡಿದ ಹೊತ್ತನ್ನು ಪುಸ್ತಕದಲ್ಲಿ ಬರೆಯಬೇಕೆಂಬುದು ಅಕ್ಕಾರ ನಿಯಮವಾಗಿತ್ತು. ನನ್ನ ಕೈಯಲ್ಲೇ ಬರೆದ ಆ ಅಂಕಿಯನ್ನು ಆಮೇಲೆ ಎಷ್ಟು ಸಲ ತೆರೆದು ನೋಡಿದೆನೋ ಹೇಳಲಾರೆ.

ಎಪ್ಪತ್ತರ ದಶಕದ ನಡುವಿನ ಮಾತು. ಬಳ್ಳಾರಿಯಲ್ಲಿ ಸುತ್ತಲಿನ ಊರುಗಳ ನೀರು, ರಕ್ತ, ಮಲ ಪರೀಕ್ಷೆ ಮಾಡುವ ಒಂದು ಸಣ್ಣ ಪ್ರಯೋಗಾಲಯ. ಬಿ.ಎಸ್ಸಿ. ಮುಗಿಸಿ ಅಲ್ಲಿ ತಾತ್ಕಾಲಿಕ ಸಹಾಯಕನಾಗಿ ಸೇರಿ ನನಗೆ ಮೂರು ವರ್ಷವಾಗಿತ್ತು. ನನಗೆ ಕೆಲಸ ಕಲಿಸಿದವರು ಅಲ್ಲಿಯ ಹಿರಿಯ ಪರೀಕ್ಷಕಿ. ಸೀಸೆ ತೊಳೆಯುವವನಿಂದ ಹಿಡಿದು ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದೆವು. ಹೋದ ತಿಂಗಳು ಕುರುಗೋಡಿನಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅಲ್ಲಿ ಯಾರೋ ನನ್ನನ್ನು ತೋರಿಸಿ, "ಇವರು ಅಕ್ಕಾರ ಕೈಯಾಗ ತಯಾರಾದವರು" ಎಂದರು. ನಾನು ತಲೆಯಾಡಿಸಿದೆ. ಆ ಪ್ಲೇಟಿನ ವಿಷಯ ಪೂರ್ತಿ ಗೊತ್ತಿದ್ದವರು ಅಲ್ಲಿ ಇಬ್ಬರೇ ಇದ್ದೆವು. ಒಬ್ಬರ ಮೇಲೆ ಆಗಲೇ ಮಣ್ಣು ಬಿದ್ದಿತ್ತು.

ಅಕ್ಕಾರು ತೆಕ್ಕಲಕೋಟೆಯ ಮಗಳು, ಕುರುಗೋಡಿನ ಸೊಸೆ. ಗಂಡ ಅಲ್ಲಿ ಶಾಲೆಯ ಮಾಸ್ತರರು. ವಾರವೆಲ್ಲ ಬಳ್ಳಾರಿಯಲ್ಲಿ ತಂಗಿಯ ಮನೆಯಲ್ಲಿದ್ದು ಶನಿವಾರ ಮಧ್ಯಾಹ್ನದ ಬಸ್ಸಿಗೆ ಕುರುಗೋಡಿಗೆ ಹೋಗುತ್ತಿದ್ದರು. ಕೆಲಸಕ್ಕೆ ಕೂರುವ ಮೊದಲು ಹಸಿರು ಬಳೆಗಳನ್ನು ಮೊಣಕೈವರೆಗೆ ಸರಿಸಿ, ಜಾರದಂತೆ ಸೈಕಲ್ ಟ್ಯೂಬಿನ ಒಂದು ತುಂಡನ್ನು ಅದರ ಮೇಲೆ ಏರಿಸಿಕೊಳ್ಳುತ್ತಿದ್ದರು. ಪ್ರಯೋಗಾಲಯದ ಒಳಗೆ ಒಂದು ಗುಟುಕು ನೀರು ಕುಡಿದವರಲ್ಲ. ರೊಟ್ಟಿ, ಶೇಂಗಾ ಪುಡಿ ಎಲ್ಲ ಹೊರಗಿನ ಮೆಟ್ಟಿಲ ಮೇಲೆ. ಸೀಸೆ ತೊಳೆಯುವವನಿಗೆ ತೆಲುಗಿನಲ್ಲಿ ಬೈದು, ನನಗೆ ಕನ್ನಡದಲ್ಲಿ ಬೈದು, ಅದೇ ರೊಟ್ಟಿಯಲ್ಲಿ ಇಬ್ಬರಿಗೂ ಮುರಿದುಕೊಡುತ್ತಿದ್ದರು.

ಪ್ಲೇಟು ಎಂದರೆ ಮುಚ್ಚಳವಿರುವ ಅಂಗೈಯಗಲದ ಗಾಜಿನ ಬಿಲ್ಲೆ. ಅಗರ್ ಎಂಬ, ಕಡಲ ಪಾಚಿಯಿಂದ ತೆಗೆದ ಪುಡಿಯನ್ನು ಕುದಿಸಿ ಅದಕ್ಕೆ ಸುರಿದರೆ ಹಲ್ವದ ಹಾಗೆ ಗಟ್ಟಿಯಾಗುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಸುರಿಯುವಾಗ ಫ್ಯಾನ್ ಹಾಕುವಂತಿರಲಿಲ್ಲ, ಊರ ಧೂಳೆಲ್ಲ ಪ್ಲೇಟಿಗೆ ಬೀಳುತ್ತದೆಂದು. ಮೇ ತಿಂಗಳು, ಮುಚ್ಚಿದ ಕಿಟಕಿ, ನಡುವೆ ಕುದಿಯುವ ಪಾತ್ರೆ. ಬೆವರು ಗಲ್ಲದಿಂದ ಉದುರುವ ಮೊದಲೇ ತೋಳಿನಿಂದ ಒರೆಸಿಕೊಳ್ಳುವುದು ನನಗೆ ಅವರು ಕಲಿಸಿದ ಮೊದಲ ವಿದ್ಯೆ. ಒಂದು ದಿನ ಕರೆಂಟು ಹೋಗಿ, ಪ್ಲೇಟುಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಆರಿತು. ನಾನು ಓಡಿ ಹೋಗಿ ಹೇಳಿದೆ.

"ಯಾಕ ಹೌಹಾರ್ತಿ ತಮ್ಮಾ? ಅದರ ಬಾಗಲಾ ತೆರೆದಿಡು. ಬಳ್ಳಾರಿ ಬ್ಯಾಸಗಿಗಿಂತ ಚಲೋ ಪೆಟಗಿ ಯಾವ ಕಂಪನಿಯಾಂವ ಮಾಡ್ಯಾನ?"

ಅಗರ್ ಸಿಗುವುದು ಕಷ್ಟವಿತ್ತು. ಬೇಡಿಕೆ ಕಳಿಸಿದರೆ ತಿಂಗಳುಗಟ್ಟಲೆ ಉತ್ತರವಿಲ್ಲ. ಬಳಸಿದ ಅಗರನ್ನು ಕುದಿಸಿ, ಸೋಸಿ, ತೊಳೆದು, ಒಣಗಿಸಿ ಮತ್ತೆ ಬಳಸುವ ವಿದ್ಯೆಯೂ ಅವರಿಗೆ ಗೊತ್ತಿತ್ತು. ಶುದ್ಧವಾಗಿ ಬೆಳೆಸಿದ ಬ್ಯಾಕ್ಟೀರಿಯಾವನ್ನು ಉಳಿಸಿಕೊಳ್ಳಬೇಕಾದಾಗ ಒಂದೇ ಪ್ಲೇಟನ್ನು ನಾಲ್ಕು, ಆರು ಭಾಗ ಮಾಡಿ ಒಂದೊಂದರಲ್ಲಿ ಒಂದೊಂದನ್ನು ತಂತಿಯ ತುದಿಗೆ ಹತ್ತಿಸಿಕೊಂಡು ಗೀರುತ್ತಿದ್ದರು. ಆದರೆ ರೋಗಿಯ ಸ್ಯಾಂಪಲ್ ಬಂದರೆ ಮಾತ್ರ ಒಬ್ಬರಿಗೆ ಒಂದು ಪ್ಲೇಟು. "ಒಳಗ ಯಾರದಾರ ಅನ್ನೂದ ಗೊತ್ತಿಲ್ಲದ ಮನಿಗೆ ಬಾಜೂಕ ಬಾಡಿಗಿ ಇಡಬಾರದು" ಎನ್ನುವರು. ನಾನು ಅದನ್ನು ಅವರ ಚೇಷ್ಟೆಯ ಮಾತುಗಳಲ್ಲಿ ಒಂದೆಂದು ತಿಳಿದಿದ್ದೆ. ಅವರ ಉಳಿತಾಯ ನನ್ನ ತಲೆಗೆ ಹತ್ತಿತ್ತು, ಎಚ್ಚರಿಕೆ ಹತ್ತಿರಲಿಲ್ಲ.

ಅವರಿಗೆ ಒಂದು ಹುಚ್ಚು ಇತ್ತು. ಕೋಣೆಯ ಮೂಲೆಯ ಕಪಾಟಿನಲ್ಲಿ, ಬಾಯಿಗೆ ಹತ್ತಿ ತುರುಕಿದ ಗಾಜಿನ ನಳಿಗೆಗಳಲ್ಲಿ, ಎರಡು ಜಾತಿಯ ಬ್ಯಾಕ್ಟೀರಿಯಾ ಸಾಕಿದ್ದರು. ಎರಡೂ ಮನುಷ್ಯನ ಕರುಳಿನಲ್ಲಿ ಸಹಜವಾಗಿ ಇರುವಂಥವು, ರೋಗ ತರುವವಲ್ಲ. ಒಂದು ಜಾತಿ ತನ್ನ ನೆರೆಯವರನ್ನು ಕೊಲ್ಲುವ ವಿಷ ಮಾಡುತ್ತಿತ್ತು. ಅದಕ್ಕೆ ಜಗಳಗಂಟಿ ಎಂದು ಹೆಸರಿಟ್ಟಿದ್ದರು. ಆ ವಿಷಕ್ಕೆ ಸಾಯುವ ಇನ್ನೊಂದು ಜಾತಿಗೆ ಸಾದಾ. ಪ್ಲೇಟಿನ ಮೇಲೆ ಸಾದಾಗಳನ್ನು ಹಚ್ಚಿ ನಡುವೆ ಒಂದು ಚುಕ್ಕೆ ಜಗಳಗಂಟಿಯನ್ನಿಟ್ಟರೆ, ಮರುದಿನ ಆ ಚುಕ್ಕೆಯ ಸುತ್ತ ಏನೂ ಬೆಳೆಯದ ಒಂದು ಬಳೆ ಕಾಣುತ್ತಿತ್ತು. ಪ್ಲೇಟನ್ನು ಕಿಟಕಿಗೆ ಹಿಡಿದು, ಎದುರಿನ ಗುಡ್ಡದ ಕಡೆಯ ಬೆಳಕಿನಲ್ಲಿ ಅದನ್ನು ನೋಡುವರು. ಗಂಡನ ಕಂಪಾಸು ಪೆಟ್ಟಿಗೆಯಿಂದ ತಂದ ಕೈವಾರದಿಂದ ಆ ಖಾಲಿ ಬಳೆಯನ್ನು ಅಳೆದು ಬರೆದಿಡುವರು. ಇದು ಎಂಟು ವರ್ಷದಿಂದ ನಡೆದಿತ್ತು. ಯಾರೂ ಹೇಳಿದ ಕೆಲಸವಲ್ಲ.

ಅದೇ ಎರಡನ್ನೂ ಸೀಸೆಯಲ್ಲಿ, ಅವುಗಳ ಆಹಾರ ಬೆರೆಸಿದ ನೀರಿನಲ್ಲಿ ಕೂಡಿಸಿ ಕಲಕುತ್ತಿದ್ದರೆ ಕಥೆ ಬೇರೆಯಾಗುತ್ತಿತ್ತು. ಕಲಕುವ ಯಂತ್ರ ನಮ್ಮಲ್ಲಿರಲಿಲ್ಲ. ಹಳೆ ಸೀರೆಯಲ್ಲಿ ತೊಟ್ಟಿಲು ಕಟ್ಟಿ, ಅದರಲ್ಲಿ ಸೀಸೆಯನ್ನು ಭದ್ರವಾಗಿ ನಿಲ್ಲಿಸಿ, ಕುಳಿತಲ್ಲಿಂದಲೇ ಹಗ್ಗ ಎಳೆಯುತ್ತ ಬರೆಯುತ್ತಿದ್ದರು. ಸ್ಯಾಂಪಲ್ ಕೊಡಲು ಬಂದ ಮೋಕ ಊರಿನ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತು ಕೇಳಿದ್ದಳು:

"ಯಾರ ಕೂಸವ್ವಾ?"

"ನಂದ."

"ಗಂಡೋ, ಹೆಣ್ಣೋ?"

"ಇನ್ನ ನಾಕು ತಾಸು ತೂಗಿ ನೋಡಬೇಕವಾ."

ಸೀಸೆಯಲ್ಲಿ ಜಗಳಗಂಟಿಗಳು ಮೊದಲೇ ಬಹಳ ಇದ್ದರೆ ಗೆಲ್ಲುತ್ತಿದ್ದವು. ಸ್ವಲ್ಪವೇ ಇದ್ದರೆ ಸೋತು ಕಾಣೆಯಾಗುತ್ತಿದ್ದವು. ಪ್ಲೇಟಿನ ಮೇಲೆ ಹಾಗಲ್ಲ, ಬೆರಳೆಣಿಕೆಯಷ್ಟಿದ್ದರೂ ತಮ್ಮ ಜಾಗ ಹಿಡಿಯುತ್ತಿದ್ದವು. ಯಾಕೆ ಹೀಗೆ ಎಂದು ಕೇಳಿದಾಗ ಅವರು ಹಗ್ಗ ಬಿಟ್ಟು ನನ್ನ ಕಡೆ ತಿರುಗಿದರು.

"ಜಗಳಗಂಟಿ ತಾನ ಒಡದು ಸತ್ತಾಗ ವಿಷಾ ಹೊರಗ ಬೀಳ್ತೈತಿ. ಸತ್ತದ್ದಕ್ಕ ಏನು ಸಿಕ್ತು?"

"ಏನಿಲ್ಲರಿ."

"ಬಾಜೂಕ ಅದರ ಅಕ್ಕ-ತಂಗೇರಿದ್ರ ಅವರಿಗೆ ಜಾಗಾ ಸಿಕ್ತು. ಪ್ಲೇಟಿನ ಮ್ಯಾಲ ಬಾಜೂಕ ಅವರ ಇರ್ತಾರ, ಕೂಡೇ ಬೆಳದವರು. ಸೀಸ್ಯಾಗ ಬಾಜೂಕ ಯಾರದಾರ? ಎಲ್ಲಾ ಕಲಸಿಬಿಟ್ಟೀನಿ. ಸಿರುಗುಪ್ಪಿ ಕಡಿ ಗದ್ದಿ ನೋಡೀಯಲ್ಲ? ಬದು ಕಟ್ಟಿದ ಮಡ್ಯಾಗ ಔಷಧಿ ಹಾಕಿದ್ರ ಆ ಮಡ್ಯಾಗ ನಿಲ್ತೈತಿ. ಅದನ್ನ ಕಾಲವಿಗೆ ಸುರುವಿದ್ರ?"

"ಹರಕೊಂಡು ಹೋಗ್ತೈತ್ರಿ."

"ಎಲ್ಲಾರ ಗದ್ದಿಗೂ ಒಂದೊಂದು ಹನಿ. ಒಂದು ಹುಳಾನೂ ಸಾಯಂಗಿಲ್ಲ. ಸುರುವಿದಾಂವನ ಡಬ್ಬಿ ಮಾತ್ರ ಖಾಲಿ." ಮತ್ತೆ ಹಗ್ಗ ಹಿಡಿದರು. "ಬಲ ವಿಷದಾಗ ಇಲ್ಲೋ ತಮ್ಮಾ, ಬದುವಿನಾಗ ಐತಿ."

ಇಷ್ಟೆಲ್ಲ ಕೇಳಿಸಿಕೊಂಡವನು ನಾನು. ಮೂರು ವರ್ಷ ಆ ಖಾಲಿ ಬಳೆಗಳನ್ನು ಅವರ ಪಕ್ಕದಲ್ಲಿ ನಿಂತು ನೋಡಿದವನು. ಗೊತ್ತಿಲ್ಲದೆ ಮಾಡಿದೆ ಎನ್ನುವ ದಾರಿ ನನಗಿಲ್ಲ.

ಆ ಬುಧವಾರ ಅಕ್ಕಾರು ಅರ್ಧ ದಿನ ರಜೆಯಲ್ಲಿದ್ದರು. ಹೆಲ್ತ್ ಇನ್ಸ್‌ಪೆಕ್ಟರು ಕುರುಗೋಡಿನ ಒಂದು ವಿದ್ಯಾರ್ಥಿ ನಿಲಯದಿಂದ ಆರು ಮಲದ ಸ್ಯಾಂಪಲ್ ತಂದರು. ಐವರು ವಿದ್ಯಾರ್ಥಿಗಳದು, ಮೂರನೆಯದು ಅಲ್ಲಿಯ ಅಡುಗೆಯವನದು. ಹೊಟ್ಟೆ ಕಡಿತ, ಭೇದಿ. ಊಟದಲ್ಲಿ ಹೆಚ್ಚುಕಡಿಮೆ ಆಗಿದೆಯೋ, ಅಂಟುವ ರಕ್ತಭೇದಿಯೋ ತಿಳಿಯಬೇಕಿತ್ತು. ರಕ್ತಭೇದಿಯಾಗಿದ್ದರೆ ಅಡುಗೆಮನೆ ಮುಚ್ಚಿ ಎಲ್ಲರನ್ನೂ ಅಲ್ಲೇ ಇಟ್ಟುಕೊಂಡು ಔಷಧಿ ಕೊಡಬೇಕು. ಅಲ್ಲವಾಗಿದ್ದರೆ ಎಲ್ಲರನ್ನೂ ಎರಡು ದಿನ ಊರಿಗೆ ಕಳಿಸಿ ನಿಲಯವನ್ನು ತೊಳೆಸುವ ಯೋಚನೆ.

ಸುರಿದಿಟ್ಟ ಪ್ಲೇಟು ಏಳು ಇದ್ದವು. ಮರುದಿನ ಮೋಕದ ಬಾವಿಗಳ ನೀರು ಬರುವುದಿತ್ತು, ಅದಕ್ಕೂ ಪ್ಲೇಟು ಬೇಕು. ಆರು ಉಳಿಸಿ ತೋರಿಸಿದರೆ ಅಕ್ಕಾರು ಏನನ್ನುತ್ತಾರೆಂದು ಊಹಿಸಿಕೊಂಡೆ. ಹೊಗಳುವಾಗ ಅವರು ಮಾತಾಡುತ್ತಿರಲಿಲ್ಲ, ರೊಟ್ಟಿಯ ದೊಡ್ಡ ಪಾಲು ಕೊಡುತ್ತಿದ್ದರು. ಆ ದೊಡ್ಡ ಪಾಲಿನ ಆಸೆಗೆ ಮೂರು ಗೆರೆ ಎಳೆದೆ. ಭಾಗಗಳು ಸಮವಾಗಿ ಬರಲಿಲ್ಲ. ಮೂರನೆಯದು ಎಲ್ಲಕ್ಕಿಂತ ಸಣ್ಣದಾಯಿತು. ಒಂದೊಂದರಲ್ಲಿ ಒಂದೊಂದು ಸ್ಯಾಂಪಲನ್ನು ತಂತಿಯಿಂದ ಗೀರಿದೆ. ಜಾಗ ಕಿರಿದಾಗಿದ್ದರಿಂದ ದಪ್ಪಗೆ ಗೀರಿದೆ.

ಮರುದಿನ ತೆಗೆದು ನೋಡಿದೆ. ಕರುಳಿನ ಸಾಮಾನ್ಯ ಬ್ಯಾಕ್ಟೀರಿಯಾ ಈ ಅಗರಿನ ಮೇಲೆ ಗುಲಾಬಿ ಬಣ್ಣಕ್ಕೆ ಬರುತ್ತವೆ. ರಕ್ತಭೇದಿಯವು ಬಣ್ಣವಿಲ್ಲದೆ, ನೀರ ಹನಿಯ ಹಾಗೆ ಪೇಲವವಾಗಿ ಬರುತ್ತವೆ. ಎಲ್ಲೆಲ್ಲೂ ಗುಲಾಬಿ. ಮೂರನೆಯ ಭಾಗದಲ್ಲಿ ಹೊರ ಅಂಚಿನ ಕಡೆ ನಾಲ್ಕಾರು ಗುಲಾಬಿ ಚುಕ್ಕೆ ಮಾತ್ರ. ಅದಕ್ಕೂ ನಾಲ್ಕನೆಯದಕ್ಕೂ ನಡುವಿನ ಗೆರೆಯ ಗುಂಟ, ಮೂರನೆಯದರ ಕಡೆಗೆ, ಒಂದು ಬೆರಳಗಲ ಏನೂ ಇರಲಿಲ್ಲ. ಆ ಖಾಲಿ ಜಾಗದ ಅಂಚು ದುಂಡಗಿತ್ತು.

ನೋಡಿದೆ. ನೋಡಿ, ಅಲ್ಲಿ ನನ್ನ ತಂತಿ ಸರಿಯಾಗಿ ಮುಟ್ಟಿಲ್ಲವೆಂದುಕೊಂಡೆ. ಹಾಗೆಂದುಕೊಳ್ಳುವುದಕ್ಕೂ ಮುಂಚೆ, ಕಣ್ಣು ರೆಪ್ಪೆ ಹೊಡೆಯುವಷ್ಟು ಹೊತ್ತು, ಅದು ಏನೆಂದು ನನಗೆ ಗೊತ್ತಾಗಿತ್ತು. ಗೊತ್ತಾದದ್ದನ್ನು ಒಪ್ಪಿದರೆ ಆರೂ ಸ್ಯಾಂಪಲನ್ನು ಮತ್ತೆ ಬೇರೆ ಬೇರೆಯಾಗಿ ಹಾಕಬೇಕು, ಉಳಿಸಿದ ಪ್ಲೇಟೆಲ್ಲ ಹೋಗುತ್ತವೆ. ಪುಸ್ತಕದಲ್ಲಿ ಆರರ ಮುಂದೆಯೂ "ರಕ್ತಭೇದಿಯ ಬ್ಯಾಕ್ಟೀರಿಯಾ ಇಲ್ಲ" ಎಂದು ಬರೆದೆ.

ಅಕ್ಕಾರು ಬೇರೆ ಕೆಲಸದಲ್ಲಿದ್ದರು. ರಿಪೋರ್ಟು ಮುಂದಿಟ್ಟಾಗ ಕನ್ನಡಕ ಏರಿಸಿಕೊಂಡು ಕೇಳಿದರು:

"ತೆಳ್ಳಗ ಎಳದಿಯಿಲ್ಲೋ?"

"ಹೂಂರಿ ಅಕ್ಕಾರ."

ಸಹಿ ಹಾಕಿದರು. ಮೂರು ವರ್ಷದಲ್ಲಿ ನನ್ನ ಪ್ಲೇಟು ನೋಡದೆ ಅವರು ಸಹಿ ಹಾಕಿದ್ದು ಅದೇ ಮೊದಲು.

ವಿದ್ಯಾರ್ಥಿಗಳು ಊರಿಗೆ ಹೋದರು. ಅಡುಗೆಯವನೂ ಸಿರುಗುಪ್ಪೆಯ ತನ್ನ ಮನೆಗೆ ಹೋಗಿ, ಬಹಳ ದಿನಕ್ಕೆ ಬಂದೆನೆಂದು ತಾನೇ ಒಲೆಯ ಮುಂದೆ ಕೂತು ಮನೆಯವರಿಗೂ ಓಣಿಯ ನಾಲ್ಕು ಮನೆಗೂ ಗೋಧಿ ಹುಗ್ಗಿ ಮಾಡಿ ಹಂಚಿದ. ಮುಂದಿನ ಮಂಗಳವಾರ ಇನ್ಸ್‌ಪೆಕ್ಟರು ಬಂದು ಬಾಗಿಲಲ್ಲೇ ನಿಂತರು.

"ಅಕ್ಕಾರ, ಸಿರುಗುಪ್ಪ್ಯಾಗ ಒಂದು ಓಣಿ ಓಣಿನೇ ಮಲಗೈತ್ರಿ. ರಕ್ತ ಬೀಳಾಕತ್ತೈತಿ. ನಿಮ್ಮ ರಿಪೋರ್ಟಿನ್ಯಾಗ ಇಲ್ಲ ಅಂತ ಐತಿ, ಡಾಕ್ಟರು ಬ್ಯಾರೆ ಔಷಧಿ ಕೊಟ್ಟಾರ."

ಬುಧವಾರ ಬೆಳಗಿನ ಬಸ್ಸಿಗೆ ಅಕ್ಕಾರು ಮತ್ತು ನಾನು ಸಿರುಗುಪ್ಪೆಗೆ ಹೊರಟೆವು. ಅಕ್ಕಾರ ತೊಡೆಯ ಮೇಲೆ ಇದ್ದಬದ್ದ ಅಗರನ್ನೆಲ್ಲ ಕುದಿಸಿ ಸುರಿದ ಪ್ಲೇಟುಗಳ ಪೆಟ್ಟಿಗೆ. ತೆಕ್ಕಲಕೋಟೆಯಲ್ಲಿ ಬಸ್ಸು ನಿಂತಾಗ ಅವರ ತವರಿನ ಕಡೆಯ ಒಬ್ಬ ಮುದುಕ ಕಿಟಕಿಗೆ ಬಂದು, "ಇಳದು ಚಾ ಕುಡದು ಹೋಗವಾ" ಎಂದು ಕರೆದ. "ಕೈ ತೊಳಕೊಂಡು ಬರ್ತೀನಿ ಕಾಕಾ, ಇವತ್ತ ಬ್ಯಾಡ" ಎಂದರು. ದಾರಿಯುದ್ದಕ್ಕೂ ಅವರು ಯೋಚನೆಯಲ್ಲಿದ್ದರು. ನನಗೆ ಯೋಚಿಸುವುದೇನೂ ಇರಲಿಲ್ಲ, ಗೊತ್ತಿತ್ತು.

ಅಡುಗೆಯವನ ಮನೆ ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ. ಅವನೇ ಗೋಡೆ ಹಿಡಿದು ನಿಂತಿದ್ದ. ಒಳಗೆ ಅವನ ತಾಯಿ ಮಲಗಿದ್ದಳು. ಕಣ್ಣು ಒಳಗೆ ಹೋಗಿದ್ದವು, ನಾಲಗೆ ಮಾತ್ರ ಚುರುಕಾಗಿತ್ತು. ಅಕ್ಕಾರು ಡಬ್ಬಿ ತೆಗೆದದ್ದನ್ನು ನೋಡಿ ಕೇಳಿದಳು:

"ಏನವಾ, ಇದನ್ನ ಡಬ್ಬ್ಯಾಗ ತುಂಬಿ ಬಳ್ಳಾರಿಗೆ ಒಯ್ತೀಯೇನು? ಸಿರುಗುಪ್ಪಿ ಅಕ್ಕಿ ಒಯ್ಯಾರನ್ನ ನೋಡೀನಿ. ಇದನ್ನ ಒಯ್ಯಾಕಿ ನೀನ ಮೊದಲ ನೋಡು."

"ಅಕ್ಕಿ ಮುಂದಿನ ಸಲ ಒಯ್ತೀನ್ಬೇ ಅಮ್ಮಾ. ಗುಣಾ ಆಗು, ನೀನ ಅಳದು ಕೊಡುವಂತಿ."

"ಈ ಹುಡುಗ ಯಾರು? ಬಾಡಿದ ಬದನಿಕಾಯಿ ಆಗ್ಯಾನಲ್ಲ. ಇವಂಗೂ ಹತ್ತೇತೇನು?"

ಅಕ್ಕಾರು ನನ್ನ ಮುಖ ನೋಡಿದರು. ಆಮೇಲೆ ಮುದುಕಿಯ ಬಾಯಿಗೆ ಉಪ್ಪು-ಸಕ್ಕರೆ ನೀರನ್ನು ಚಮಚದಿಂದ ಬಿಡುತ್ತ ಅರ್ಧ ತಾಸು ಕುಳಿತರು.

ಅಲ್ಲೇ ಮನೆಯ ಕಟ್ಟೆಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಪ್ಲೇಟಿನಂತೆ ಅವರೇ ಗೀರಿದರು. ತಂತಿ ಕಾಯಿಸಿ ತೆಳ್ಳಗೆ, ಮತ್ತೆ ಕಾಯಿಸಿ ಇನ್ನೂ ತೆಳ್ಳಗೆ, ಕೊನೆಗೆ ಒಂದೊಂದು ಬ್ಯಾಕ್ಟೀರಿಯಾ ದೂರ ದೂರ ಬೀಳುವ ಹಾಗೆ. ಗುರುವಾರ ಪ್ಲೇಟುಗಳ ಮೇಲೆ ಪೇಲವ ಹನಿಗಳು ಸಾಲುಗಟ್ಟಿದ್ದವು. ಶುಕ್ರವಾರ ಬೆಳಿಗ್ಗೆ ಖಚಿತವಾಯಿತು, ರಕ್ತಭೇದಿ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾ. ಆಗಲೇ ಸಿರುಗುಪ್ಪೆಗೆ ತಾರು ಹೋಯಿತು, ಸರಿಯಾದ ಔಷಧಿ ಹೋಯಿತು. ಓಣಿ ಎದ್ದು ಕೂತಿತು. ಮುದುಕಿ ಶುಕ್ರವಾರ ಮಧ್ಯಾಹ್ನವೇ ತೀರಿಕೊಂಡಿದ್ದಳು. ನಾನು ಇಲ್ಲವೆಂದು ಬರೆದ ದಿನದಿಂದ ಎಂಟನೆಯ ದಿನ.

ಶುಕ್ರವಾರವೇ ಅಕ್ಕಾರು ಕೇಳಿದರು, "ಕುರುಗೋಡಿನ ಪ್ಲೇಟು ಎಲ್ಲೈತಿ?"

ಬಳಸಿದ ಪ್ಲೇಟುಗಳನ್ನು ಕುದಿಸುವುದು ಶನಿವಾರ. ಸೀಮೆಎಣ್ಣೆ ಸಿಗದೆ ಹಿಂದಿನ ಶನಿವಾರ ಆ ಕೆಲಸ ತಪ್ಪಿತ್ತು. ಪ್ಲೇಟು ತಗಡಿನ ಪೆಟ್ಟಿಗೆಯಲ್ಲೇ ಇತ್ತು. ತಂದುಕೊಟ್ಟೆ. ಅವರು ಬೆನ್ನ ಮೇಲಿನ ಕೆಂಪು ಗೆರೆಗಳನ್ನು ಹೆಬ್ಬೆರಳಿನಿಂದ ಸವರಿದರು. ಕಿಟಕಿಗೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು.

"ಆರು ಮನಿ" ಎಂದರು.

ಸೋಮವಾರ ಮೇಲಿನ ಸಾಹೇಬರು ಬಂದರು. ಮೈಸೂರು ಕಡೆಯವರು, ಸಭ್ಯರು, ಎಂದೂ ಕೂಗಿದವರಲ್ಲ. ಪ್ಲೇಟನ್ನು ಅವರೂ ಬೆಳಕಿಗೆ ಹಿಡಿದರು.

"ಈ ಕೋಣೆಯಲ್ಲಿ ನೀವು ವಿಷ ಬಿಡುವ ಬ್ಯಾಕ್ಟೀರಿಯಾ ಸಾಕಿದ್ದೀರಂತಲ್ಲ?"

"ಹೌದ್ರಿ. ಎಂಟು ವರ್ಷ ಆತು."

"ಹಾಗಾದರೆ ಸ್ಯಾಂಪಲ್ ಪ್ಲೇಟಿನಲ್ಲಿ ಈ ಖಾಲಿ ಎಲ್ಲಿಂದ ಬಂತು ಅಂತ ಬೇರೆ ಕೇಳಬೇಕಾಗಿಲ್ಲ. ನಿಮ್ಮ ಆಟದ ಸಾಮಾನು ರೋಗಿಯ ಪ್ಲೇಟಿಗೆ ಬಿದ್ದಿದೆ."

"ನಮ್ಮವು ಅಲ್ಲರಿ. ತೋರಸ್ತೀನಿ."

"ಈ ಪ್ಲೇಟು ಹಾಕಿದವರು ಯಾರು?"

ನಾನು ಬಾಗಿಲ ಹತ್ತಿರ, ಅವರಿಂದ ಐದು ಹೆಜ್ಜೆ ದೂರದಲ್ಲಿದ್ದೆ. ಬಾಯಿ ತೆರೆದಿತ್ತು ಎಂದು ನನ್ನ ನೆನಪು. ಅಕ್ಕಾರು ತಿರುಗಿ ನೋಡಲಿಲ್ಲ.

"ರಿಪೋರ್ಟಿನ ಮ್ಯಾಲ ಸಹಿ ನಂದೈತ್ರಿ."

ಶನಿವಾರ ಮಧ್ಯಾಹ್ನದೊಳಗೆ ಆ ಕಪಾಟು ಖಾಲಿಯಾಗಬೇಕು, ಅಕ್ಕಾರು ಇನ್ನು ನೀರಿನ ವಿಭಾಗ ಮಾತ್ರ ನೋಡಿಕೊಳ್ಳಬೇಕು ಎಂದು ಆಜ್ಞೆಯಾಯಿತು.

ಮಂಗಳವಾರ ಅಕ್ಕಾರು ನನ್ನನ್ನು ಕೂರಿಸಿ ಕೆಲಸ ಹೇಳಿದರು. ತಾವು ಒಂದನ್ನೂ ಮುಟ್ಟಲಿಲ್ಲ, ಎಲ್ಲ ನನ್ನ ಕೈಯಿಂದ. ಹಳೆಯ ಪ್ಲೇಟಿನ ನಾಲ್ಕನೆಯ ಭಾಗದಿಂದ ಗುಲಾಬಿ ಬ್ಯಾಕ್ಟೀರಿಯಾ ಎತ್ತಿಸಿದರು. ಅಡುಗೆಯವನ ಹೊಸ ಪ್ಲೇಟಿನಿಂದ ಶಿಗೆಲ್ಲಾ ಎತ್ತಿಸಿದರು. ಎರಡನ್ನೂ ಬೇರೆ ಬೇರೆ ಬೆಳೆಸಿ ಬುಧವಾರ ಎರಡು ಪ್ಲೇಟು, ಒಂದು ಸೀಸೆ ಹೂಡಿದೆವು. ಮೊದಲ ಪ್ಲೇಟಿನಲ್ಲಿ ಶಿಗೆಲ್ಲಾದ ಪಕ್ಕ ನಾಲ್ಕನೆಯ ಭಾಗದ್ದು. ಎರಡನೆಯದರಲ್ಲಿ ಶಿಗೆಲ್ಲಾದ ಪಕ್ಕ ಅಕ್ಕಾರ ಜಗಳಗಂಟಿ. ಸೀಸೆಯಲ್ಲಿ ಬಹಳ ಶಿಗೆಲ್ಲಾ, ಅದಕ್ಕೆ ನಾಲ್ಕನೆಯ ಭಾಗದ್ದು 'ಒಂದು ಚಿಟಿಕೆ'ಯಷ್ಟು. ಸೀಸೆಯನ್ನು ತೊಟ್ಟಿಲಲ್ಲಿ ಭದ್ರವಾಗಿ ನಿಲ್ಲಿಸಿ ಹಗ್ಗವನ್ನು ನನ್ನ ಕೈಗೆ ಕೊಟ್ಟರು. ದಿನವಿಡೀ ತೂಗಿದೆ. ಸಂಜೆ ಅದರ ಒಂದು ಹನಿಯನ್ನು ತೆಳ್ಳಗೆ ಹರಡಿದೆ.

ಗುರುವಾರ ಉತ್ತರ ಬಂತು. ಮೊದಲ ಪ್ಲೇಟಿನಲ್ಲಿ ಶಿಗೆಲ್ಲಾದ ಕಡೆಗೆ ಅದೇ ದುಂಡಂಚಿನ ಖಾಲಿ. ಎರಡನೆಯದರಲ್ಲಿ ಅಕ್ಕಾರ ಜಗಳಗಂಟಿಯ ಮೈಗೆ ಮೈ ಹತ್ತಿ ಶಿಗೆಲ್ಲಾ ಬೆಳೆದಿತ್ತು. ಅವರ ವಿಷ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಸೀಸೆಯಿಂದ ಹರಡಿದ್ದರಲ್ಲಿ ಪೇಲವ ಹನಿಗಳೇ ತುಂಬಿ, ಗುಲಾಬಿ ಹುಡುಕಿದರೆ ಎರಡೋ ಮೂರೋ. ಕಲಕಿದಲ್ಲಿ ಸೋಲುವಂಥದ್ದು ನನ್ನ ಗೆರೆಯ ಆಚೆ ಗುಂಪಾಗಿ ಕೂತು ಗೆದ್ದಿತ್ತು. ಕೊಲೆಗಡುಕ ಬಂದದ್ದು ನಿಲಯದ ವಿದ್ಯಾರ್ಥಿಯೊಬ್ಬನ ಹೊಟ್ಟೆಯಿಂದಲೇ. ಒಬ್ಬರಿಗೆ ಒಂದು ಪ್ಲೇಟು ಸಿಕ್ಕಿದ್ದರೆ ಅದು ಅಡುಗೆಯವನ ರೋಗವನ್ನು ಮುಚ್ಚಿಹಾಕಲು ಸಾಧ್ಯವಿರಲಿಲ್ಲ.

ಅಕ್ಕಾರು ಅದನ್ನೆಲ್ಲ ಒಂದು ಹಾಳೆಯ ಮೇಲೆ ನನ್ನಿಂದಲೇ ಬರೆಸಿದರು. ಕೊನೆಯ ಸಾಲನ್ನು ಬಾಯಲ್ಲಿ ಹೇಳಿದರು, ಬರೆಸಲಿಲ್ಲ: "ತಪ್ಪು ಸ್ಯಾಂಪಲ್‌ನ್ಯಾಗಿಲ್ಲ, ಕಪಾಟಿನ್ಯಾಗಿಲ್ಲ. ಗೆರ್‍ಯಾಗ ಐತಿ." ಹಾಳೆಯನ್ನು ಮಡಚಿ ನನ್ನ ಕಡೆ ಸರಿಸಿದರು.

"ಸಾಹೇಬ್ರಿಗೆ ಕೊಡು."

"ನೀವ ಕೊಡ್ರಿ ಅಕ್ಕಾರ."

"ನಾ ಕೊಟ್ರ ನಿನ್ನ ಹೆಸರು ನನ್ನ ಬಾಯಾಗ ಬರಬೇಕಾಗತೈತಿ. ಅದು ನನ್ನ ಕೈಲೆ ಆಗಾಂಗಿಲ್ಲ. ನೀ ಕೊಟ್ರ ನಿನ್ನ ಬಾಯಾಗ ಬರತೈತಿ." ಬಳೆಗಳನ್ನು ಮಣಿಕಟ್ಟಿಗೆ ಇಳಿಸಿಕೊಂಡರು. "ಶನಿವಾರ ಮಧ್ಯಾಹ್ನದ ತನಕ ವ್ಯಾಳ್ಯಾ ಐತಿ."

ನನ್ನ ನೌಕರಿ ಕಾಯಂ ಆಗುವ ಕಾಗದ ಸಾಹೇಬರ ಮೇಜಿನ ಮೇಲಿತ್ತು. ಅದೊಂದೇ ಕಾರಣ, ಬೇರೆ ಇಲ್ಲ. ಶುಕ್ರವಾರ ಎರಡು ಸಲ ಅವರ ಕೋಣೆಯ ಪರದೆಯವರೆಗೆ ಹೋದೆ. ಒಮ್ಮೆ ಒಳಗೆ ಯಾರೋ ಇದ್ದರು. ಇನ್ನೊಮ್ಮೆ ಯಾರೂ ಇರಲಿಲ್ಲ.

ಶನಿವಾರ ಹನ್ನೆರಡೂವರೆಗೆ ಅಕ್ಕಾರು ಕಪಾಟು ತೆರೆದರು. ನನ್ನನ್ನು ಒಂದು ಸಲ ನೋಡಿದರು. ನಾನು ನೆಲ ನೋಡಿದೆ.

"ಬಕೀಟ್ ಹಿಡಿ" ಎಂದರು.

ಫಿನೈಲು ತುಂಬಿದ ಬಕೆಟ್ಟನ್ನು ಹಿಡಿದು ನಿಂತೆ. ಒಂದೊಂದೇ ನಳಿಗೆಯ ಹತ್ತಿ ತೆಗೆದು, ಚೀಟಿ ಓದಿ, ಒಳಗೆ ಬಿಟ್ಟರು. ಬಾಣಂತಿಯಾಗಿ ತವರಿಗೆ ಹೋಗಿದ್ದಾಗಲೂ ಯಾರದೋ ಕೈಯಲ್ಲಿ ಹೊಸ ಅಗರಿಗೆ ಬದಲಿಸಿ ಉಳಿಸಿಕೊಂಡಿದ್ದಂಥವು. ಒಂದು ಕಡೆ ಚೀಟಿ ಅಳಿಸಿತ್ತು. "ಇದು ಯಾವುದೋ ಏನೋ" ಎಂದು ಬೆಳಕಿಗೆ ಹಿಡಿದು ನೋಡಿ, ಅದನ್ನೂ ಬಿಟ್ಟರು. ಮೂವತ್ತೆಂಟು ನಳಿಗೆ. ಆಮೇಲೆ ಸಾಬೂನಿನಿಂದ ಮೊಣಕೈವರೆಗೆ ತೊಳೆದುಕೊಂಡು ಕುರುಗೋಡಿನ ಬಸ್ಸಿಗೆ ಹೊರಟರು. ತೊಟ್ಟಿಲ ಸೀರೆಯನ್ನು ಬಿಚ್ಚಿ ಕುದಿಯುವ ನೀರಿಗೆ ಹಾಕಿ, ನೆಲ ಒರೆಸುವುದಕ್ಕೆಂದು ಸೀಸೆ ತೊಳೆಯುವವನಿಗೆ ಕೊಟ್ಟಿದ್ದರು.

ಆಮೇಲೆ ನನಗೆ ಅವರು ಏನಾದರೂ ಅಂದರೇ? ಇಲ್ಲ. ತಮ್ಮಾ ಎಂದೇ ಕರೆದರು. ರೊಟ್ಟಿಯನ್ನೂ ಮುರಿದು ಕೊಟ್ಟರು. ಬದಲಾದದ್ದು ಒಂದೇ. ನೀರಿನ ವಿಭಾಗದಲ್ಲಿ ಕೂತವರು ದಿನಾ ಮಧ್ಯಾಹ್ನ ಎದ್ದು ಬಂದು ನನ್ನ ಪ್ಲೇಟುಗಳನ್ನು ಒಂದೊಂದಾಗಿ ಕಿಟಕಿಗೆ ಹಿಡಿದು ನೋಡಿ ಹೋಗುತ್ತಿದ್ದರು. ಅದು ಅವರ ಕೆಲಸವಾಗಿರಲಿಲ್ಲ. ನಿವೃತ್ತಿಯ ದಿನದವರೆಗೂ ತಪ್ಪಿಸಲಿಲ್ಲ. ಹೊಸ ಹುಡುಗಿಯೊಬ್ಬಳು ಸೇರಿದಾಗ, "ಯಾಕ್ರಿ ಅಕ್ಕಾರ, ಇವರ ಪ್ಲೇಟಷ್ಟ ನೋಡ್ತೀರಿ? ನಮ್ಮವು ನೋಡಂಗಿಲ್ಲ?" ಎಂದು ಕೇಳಿದ್ದಳು. "ಇಂವ ಚಲೋ ಎಳೀತಾನವಾ, ಅದಕ್ಕ" ಎಂದರು. ಅದು ನಿಜವೂ ಆಗಿತ್ತು. ಆ ಶನಿವಾರದ ನಂತರ ನನ್ನಷ್ಟು ತೆಳ್ಳಗೆ ಎಳೆಯುವವರು ಆ ಪ್ರಯೋಗಾಲಯದಲ್ಲಿ ಇರಲಿಲ್ಲ.

ಒಂದು ದಿನ ಅಡುಗೆಯವನು ಗುಣವಾದ ಕಾಗದ ತೆಗೆದುಕೊಳ್ಳಲು ಬಂದ. ಅದಿಲ್ಲದೆ ಅವನನ್ನು ಮತ್ತೆ ಒಲೆಯ ಮುಂದೆ ಬಿಡುವಂತಿರಲಿಲ್ಲ. ಬರೆಯುತ್ತ ನಾನು ತಡವರಿಸಿ ಅವನ ತಾಯಿಯ ವಿಷಯ ಎತ್ತಿದೆ. ಅವನೇ ನನ್ನನ್ನು ಸಮಾಧಾನ ಮಾಡಿದ. "ವಯಸ್ಸಾಗಿತ್ತು ಬಿಡ್ರಿ. ನಾನ ನನ್ನ ಕೈಲೆ ಹುಗ್ಗಿ ಉಣಿಸಿದೆ, ನೀವರ ಏನು ಮಾಡ್ತೀರಿ." ಅವನು ಆ ಸಾವನ್ನು ತನ್ನ ಕೈಯಿಂದಾದದ್ದೆಂದು ನಂಬಿಕೊಂಡು ಹೋದ. ಅದನ್ನೂ ನಾನು ಹೋಗಗೊಟ್ಟೆ.

ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಹತ್ತಿದರೂ ಎರಡು ತಾಸಿಗೆ ಎಚ್ಚರ. ನಾಲ್ಕು ತಿಂಗಳು ಹೀಗೇ ನಡೆಯಿತು. ಹಾಳೆ ನನ್ನ ಅಂಗಿಯಿಂದ ಅಂಗಿಗೆ ಬದಲಾಗುತ್ತ ಮಡಿಕೆಯಲ್ಲಿ ಹರಿಯಲು ಬಂದಿತ್ತು. ನೌಕರಿ ಕಾಯಂ ಆದ ಕಾಗದ ಕೈಗೆ ಬಂದ ಮೂರನೆಯ ದಿನ ಸಾಹೇಬರ ಕೋಣೆಗೆ ಹೋಗಿ ಹಾಳೆಯನ್ನು ಮೇಜಿನ ಮೇಲಿಟ್ಟೆ. ಎಲ್ಲ ಹೇಳಿದೆ. ಮೂರು ಗೆರೆ, ದುಂಡಂಚು, ತೊಟ್ಟಿಲು, ಎಲ್ಲ.

ಅವರು ಹಾಳೆಯನ್ನು ಎರಡು ಸಲ ಓದಿದರು.

"ಅಚ್ಚುಕಟ್ಟಾದ ಕೆಲಸ. ಯಾರು ಹೇಳಿಕೊಟ್ಟದ್ದು, ಆಕೆಯೇನಾ?"

"ಹೌದು ಸಾರ್."

"ಆದರೆ ಈಗ ಇದರಿಂದ ಯಾರಿಗೇನಪ್ಪಾ? ಆ ಫೈಲು ಮುಗಿದುಹೋಯಿತು. ಆಕೆಯೂ ಸುಮ್ಮನಿದ್ದಾರೆ. ಈಗ ತಾನೇ ಕಾಯಂ ಆಗಿದ್ದೀರಿ. ಹೋಗಿ, ಕೆಲಸ ನೋಡಿ." ಹಾಳೆಯನ್ನು ಮೇಜಿನ ಸೆಳೆಖಾನೆಗೆ ಹಾಕಿ ಮುಚ್ಚಿದರು.

ಬೈಯುತ್ತಾರೆಂದು ಹೋಗಿದ್ದೆ. ಕಾಗದ ಹಿಂದಕ್ಕೆ ತೆಗೆದುಕೊಳ್ಳುತ್ತಾರೆಂದು ಹೋಗಿದ್ದೆ. "ಅಕ್ಕಾರನ್ನೂ ಕರೆಸಿ ಸಾರ್, ಅವರ ಮುಂದೆ ಹೇಳುತ್ತೇನೆ" ಎನ್ನಬೇಕೆಂದಿದ್ದೆ. "ಸರಿ ಸಾರ್" ಎಂದೆ. ಪರದೆ ಸರಿಸಿ ಹೊರಗೆ ಬಂದಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನೀರಿನ ವಿಭಾಗದ ಬಾಗಿಲು ತೆರೆದಿತ್ತು, ಅಕ್ಕಾರು ಬೆನ್ನು ಮಾಡಿ ಕೂತಿದ್ದರು. ನಾನು ಆ ಬಾಗಿಲನ್ನು ದಾಟಿ ನೇರ ಮನೆಗೆ ಹೋದೆ. ಹೊಟ್ಟೆ ತುಂಬ ಉಂಡೆ. ಮರುದಿನ ನನ್ನ ಅವ್ವ ಭುಜ ಅಲುಗಿಸಿ ಎಬ್ಬಿಸಿದಾಗ ಮುಖದ ಮೇಲೆ ಬಿಸಿಲು ಬಿದ್ದಿತ್ತು.

"ಏಳೋ, ಏಳು ಬಡೀತು. ಎಷ್ಟು ತಿಂಗಳಾತೋ ಯಪ್ಪಾ, ನೀ ಹಿಂಗ ಮಲಗಿ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಅಕ್ಕಾರಿಗೆ ನಾನು ಏನೂ ಹೇಳಿರಲಿಲ್ಲ. ಮೂವತ್ತೆಂಟು ನಳಿಗೆಗಳಲ್ಲಿ ಒಂದೂ ಮರಳಿ ಬರುವಂತಿರಲಿಲ್ಲ, ಸಿರುಗುಪ್ಪೆಯ ಮುದುಕಿಯೂ ಬರುವಂತಿರಲಿಲ್ಲ. ನಾನು ಮಾತ್ರ ಆ ರಾತ್ರಿ ಒಮ್ಮೆಯೂ ಎಚ್ಚರಾಗದೆ ಬೆಳಗಿನವರೆಗೆ ಮಲಗಿದ್ದೆ.